ಕುಡಿತ ಬಿಟ್ಟ ಮೇಲಿನ ಒಂಟಿತನ: ಯಾವುದು ಮೊದಲು, ಯಾವುದು ಕೊನೆಗೆ

ಶಿಬಿರ ಮುಗಿಸಿ ಬಂದವರು, ಆಸ್ಪತ್ರೆಯಿಂದ ಮನೆಗೆ ಮರಳಿದವರು, ಯಾರಿಗೂ ಹೇಳದೆ ತಾವಾಗಿಯೇ ಬಿಟ್ಟವರು. ಮೂವರೂ ಎಡವುವುದು ಹೆಚ್ಚುಕಡಿಮೆ ಒಂದೇ ಜಾಗದಲ್ಲಿ. ಕೈ ನಡುಕ ನಿಂತಿರುತ್ತದೆ, ಊಟ ಸೇರುತ್ತಿರುತ್ತದೆ, ಮನೆಯ ಜಗಳವೂ ಇಳಿದಿರುತ್ತದೆ. ಆದರೆ ಸಂಜೆ ಏಳಕ್ಕೆ ಎಲ್ಲಿ ಕೂರುವುದು, ಯಾರ ಹತ್ತಿರ ಮಾತಾಡುವುದು ಎಂಬುದು ತೋಚುವುದಿಲ್ಲ. ‘ಕುಡೀಲಿಕ್ಕೆ ಅಲ್ಲ, ಸುಮ್ಮನೆ ಮಾತಾಡಿ ಬರ್ತೇನೆ’ ಎಂದು ಹೊರಟವರು ಹಳೆಯ ಮೇಜಿಗೇ ಹೋಗಿ ಕೂತಿರುತ್ತಾರೆ.

ಮನಸ್ಸು ಗಟ್ಟಿಯಿಲ್ಲ ಎಂದು ಅವರನ್ನು ಬೈದು ಪ್ರಯೋಜನವಿಲ್ಲ. ಬಹುಮಂದಿ ಮಾಡುವ ಕೆಲಸ ಸರಿಯಾದದ್ದೇ, ಕ್ರಮ ಮಾತ್ರ ತಿರುಗುಮುರುಗು. ಹಳೆಯ ಗೆಳೆಯರನ್ನು ಮೊದಲ ವಾರವೇ ನೋಡುತ್ತಾರೆ, ಹೆಂಡತಿಯ ನಂಬಿಕೆ ಮೊದಲ ತಿಂಗಳೇ ಬೇಕೆನ್ನುತ್ತಾರೆ, ವೈದ್ಯರನ್ನು ಮಾತ್ರ ಎಲ್ಲ ಕೆಟ್ಟ ಮೇಲೆ ಕಾಣುತ್ತಾರೆ. ಇಲ್ಲಿ ಕೊಟ್ಟಿರುವ ಕ್ರಮ ಇದು: ಮೊದಲು ದೇಹ, ಆಮೇಲೆ ಸಂಜೆಯ ಹೊತ್ತು, ಆಮೇಲೆ ಒಬ್ಬ ಮನುಷ್ಯ, ಆಮೇಲೆ ಗುಂಪು, ಆಮೇಲೆ ಮನೆ. ಹಳೆಯ ಗೆಳೆಯರು ಮತ್ತು ಸಮಾರಂಭಗಳು ಕಟ್ಟಕಡೆಗೆ.

ಮೊದಲು ಹೊಂದಿಸಿಕೊಳ್ಳಬೇಕಾದವು

ಒಂದು ಚಿಕ್ಕ ನೋಟ್‌ಬುಕ್, ಜೇಬಿನಲ್ಲಿ ಹಿಡಿಸುವಂಥದ್ದು. ಫೋನಿನಲ್ಲಿ ಮೂರು ಸಂಖ್ಯೆ: 14416 (ಟೆಲಿ-ಮಾನಸ್ ಎಂಬ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಹಗಲು ರಾತ್ರಿ ಉಚಿತ, ಕನ್ನಡದಲ್ಲಿ ಮಾತಾಡಬಹುದು), 14446 (ವ್ಯಸನಮುಕ್ತಿಗಾಗಿ ಇರುವ ರಾಷ್ಟ್ರೀಯ ಸಹಾಯವಾಣಿ), 108 (ಆಂಬುಲೆನ್ಸ್). ಇವನ್ನು ಬರೀ ಅಂಕಿಯಾಗಿ ನೆನಪಿಟ್ಟುಕೊಳ್ಳದೆ ಹೆಸರು ಹಾಕಿ ಸೇವ್ ಮಾಡಿ. ಬೇಕಾದ ರಾತ್ರಿ ತಲೆ ಓಡುವುದಿಲ್ಲ.

ಯುಪಿಐ ಬಂದ ಮೇಲೆ ‘ಜೇಬಲ್ಲಿ ದುಡ್ಡಿಲ್ಲ’ ಎಂಬ ತಡೆಯೂ ಹೋಗಿದೆ. ಸಂಬಳ ಬರುವ ಖಾತೆಯನ್ನು ಯುಪಿಐಯಿಂದ ತೆಗೆದು, ವಾರದ ಖರ್ಚಿನಷ್ಟೇ ಇರುವ ಬೇರೆ ಖಾತೆಯನ್ನು ಜೋಡಿಸಿ. ರಾತ್ರಿ ಪಾರ್ಟಿ ಗೊತ್ತುಮಾಡುವ ವಾಟ್ಸ್‌ಆ್ಯಪ್ ಗುಂಪುಗಳಿಂದ ಹೊರಬನ್ನಿ. ಮ್ಯೂಟ್ ಮಾಡಿದರೆ ಸಾಲದು, ತೆರೆದು ನೋಡುವ ಚಪಲ ಉಳಿದೇ ಇರುತ್ತದೆ.

ಮತ್ತೆ, ಒಂದು ಒಳ್ಳೆಯ ಕೊಡೆ. ನಗಬೇಡಿ. ನಮ್ಮ ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ‘ಸಂಜೆ ವಾಕಿಂಗ್ ಹೋಗ್ತೇನೆ’ ಎಂಬ ಯೋಜನೆಗಳೆಲ್ಲ ಮುರಿದು ಬೀಳುವುದು ಕೊಡೆಯಿಲ್ಲದೆ.

ಹಂತ 1: ದೇಹವನ್ನು ವೈದ್ಯರಿಗೆ ತೋರಿಸಿ

ದಿನವೂ ಹೆಚ್ಚು ಕುಡಿಯುತ್ತಿದ್ದವರು ಮನೆಯಲ್ಲಿ ಒಬ್ಬರೇ ಕೂತು ಏಕಾಏಕಿ ನಿಲ್ಲಿಸಬಾರದು. ಕೊನೆಯ ಗುಟುಕಿನ ನಂತರ 6ರಿಂದ 24 ಗಂಟೆಯೊಳಗೆ ನಡುಕ, ಬೆವರು, ವಾಕರಿಕೆ ಶುರುವಾಗುತ್ತದೆ. ಮೊದಲ 48 ಗಂಟೆಯೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ನಡುವೆ ಕೆಲವರಿಗೆ ಸನ್ನಿ ಹಿಡಿಯುತ್ತದೆ. ಇಲ್ಲದವರು ಕಾಣುತ್ತಾರೆ, ಹಗಲು ರಾತ್ರಿ ತಿಳಿಯುವುದಿಲ್ಲ, ಜ್ವರ ಏರುತ್ತದೆ. ಇದರಿಂದ ಜೀವ ಹೋಗಬಹುದು. ಇಂಥ ಹೊತ್ತಲ್ಲಿ ದೈವದ ನೂಲು, ಮಂತ್ರದ ನೀರು ಎಲ್ಲ ಆಮೇಲೆ, ಮೊದಲು 108.

ಮಂಗಳೂರಿನವರಿಗೆ ವೆನ್ಲಾಕ್, ಉಡುಪಿಯವರಿಗೆ ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆ ಇದೆ. ಉಡುಪಿ ದೊಡ್ಡಣಗುಡ್ಡೆಯ ಬಾಳಿಗಾ ಆಸ್ಪತ್ರೆ ಮನೋರೋಗ ಮತ್ತು ಮದ್ಯವ್ಯಸನದ ಚಿಕಿತ್ಸೆಗೇ ಹೆಸರಾದದ್ದು. ಎಲ್ಲಿಗೆ ಹೋದರೂ ಎಷ್ಟು ಕುಡಿಯುತ್ತಿದ್ದಿರಿ ಎಂಬುದನ್ನು ಅರ್ಧ ಮಾಡಿ ಹೇಳಬೇಡಿ. ಔಷಧಿಯ ಪ್ರಮಾಣ ಆ ಲೆಕ್ಕದ ಮೇಲೆ ನಿಂತಿರುತ್ತದೆ. ಬಿ1 ಜೀವಸತ್ವ (ತಯಾಮಿನ್) ಕೊಟ್ಟರೆ ‘ಬರೀ ವಿಟಮಿನ್’ ಎಂದು ಬಿಡಬೇಡಿ. ಅದರ ಕೊರತೆ ನೆನಪನ್ನೂ ನಡಿಗೆಯನ್ನೂ ಕೆಡಿಸುತ್ತದೆ.

ಒಂಟಿತನದ ಲೇಖನದಲ್ಲಿ ಇದೆಲ್ಲ ಯಾಕೆ? ಮೊದಲ ವಾರಗಳ ಒಂಟಿತನದಲ್ಲಿ ದೊಡ್ಡ ಪಾಲು ಮಿದುಳಿನದ್ದು, ಮನುಷ್ಯರದ್ದಲ್ಲ. ವರ್ಷಗಟ್ಟಲೆ ಮದ್ಯವೇ ಶಾಂತ ಮಾಡುತ್ತಿದ್ದ ಮಿದುಳು ತಾನಾಗಿ ಶಾಂತವಾಗುವುದನ್ನು ಮರೆತಿರುತ್ತದೆ. ನಿದ್ದೆಗೆಟ್ಟ ಮನಸ್ಸಿಗೆ ತುಂಬಿದ ಮನೆಯೂ ಖಾಲಿ. ಈ ಹೊತ್ತಿನಲ್ಲಿ ‘ನನಗೆ ಯಾರೂ ಇಲ್ಲ’ ಎಂದು ತೀರ್ಮಾನಿಸಿ ಕೆಲಸ ಬಿಡುವುದು, ಊರು ಬಿಡುವುದು, ಸಂಬಂಧ ಕಡಿದುಕೊಳ್ಳುವುದು ಬೇಡ. ಕುಡಿತದಿಂದಲೇ ಬಂದ ಮಂಕು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರದಲ್ಲಿ ಇಳಿಯುತ್ತದೆ. ಅದಕ್ಕೂ ಮೀರಿ ಉಳಿದರೆ ಅದು ಖಿನ್ನತೆಯಿರಬಹುದು, ಅದಕ್ಕೆ ಬೇರೆಯೇ ಚಿಕಿತ್ಸೆ ಇದೆ.

ಔಷಧಿಯ ಬಗ್ಗೆ ಒಂದು ಎಚ್ಚರಿಕೆ. ಡೈಸಲ್ಫಿರಾಮ್ (ಕುಡಿದರೆ ಮೈಗೆ ಒಗ್ಗದಂತೆ ಮಾಡುವ ಗುಳಿಗೆ) ತೆಗೆದುಕೊಳ್ಳುತ್ತಿದ್ದರೆ ಮದ್ಯದ ಅಂಶವಿರುವ ಯಾವುದೂ ಒಳಗೆ ಹೋಗಬಾರದು. ಗುಳಿಗೆ ನಿಲ್ಲಿಸಿದ ಮೇಲೂ ಸುಮಾರು ಎರಡು ವಾರ ಅಪಾಯ ಇದ್ದೇ ಇರುತ್ತದೆ. ದ್ರಾಕ್ಷಾರಿಷ್ಟ, ಅಶೋಕಾರಿಷ್ಟದಂಥ ಆಯುರ್ವೇದದ ಅರಿಷ್ಟ ಮತ್ತು ಆಸವಗಳು ಹುದುಗಿ ತಯಾರಾಗುವುದರಿಂದ ಅವುಗಳಲ್ಲೂ ಮದ್ಯಸಾರ ಇರುತ್ತದೆ. ಕೆಲವು ಕೆಮ್ಮಿನ ಸಿರಪ್‌ಗಳಲ್ಲೂ ಅಷ್ಟೇ. ಮನೆಯವರಿಗೂ ಒಂದು ಮಾತು: ಈ ಗುಳಿಗೆಯನ್ನು ಗೊತ್ತಾಗದ ಹಾಗೆ ಪುಡಿಮಾಡಿ ಸಾರಿಗೋ ಕಾಫಿಗೋ ಹಾಕಬೇಡಿ. ಅವರು ಅದರ ಮೇಲೆ ಕುಡಿದರೆ ಪ್ರಾಣಕ್ಕೆ ಬರುತ್ತದೆ. ಗೊತ್ತಾದ ದಿನ ಅವರಿಗೆ ಮನೆಯ ಅನ್ನವನ್ನೂ ನಂಬಲಾಗದು, ಅದಕ್ಕಿಂತ ದೊಡ್ಡ ಒಂಟಿತನ ಇನ್ನಿಲ್ಲ.

ಹಂತ 2: ಆರೂವರೆಯಿಂದ ಒಂಬತ್ತೂವರೆ ತುಂಬಿಸಿ

ಇಡೀ ದಿನದ ಒಂಟಿತನವನ್ನು ನಿಭಾಯಿಸಲು ಹೋಗಬೇಡಿ. ನಿಜವಾಗಿ ಕಾಡುವುದು ದಿನಕ್ಕೆ ಮೂರು ಗಂಟೆ. ಬಾರಿನಲ್ಲಿ ಕೂತ ಹೊತ್ತು ಎಂದರೆ ಬರೀ ಕುಡಿತವಲ್ಲ. ಒಂದು ಜಾಗ, ಒಂದಿಷ್ಟು ಮುಖ, ಕೆಲಸದ ಸಿಟ್ಟು ಇಳಿಸುವ ಮಾತು, ನಗು, ತಿನ್ನುವುದು, ಎಲ್ಲ ಒಟ್ಟಿಗೆ ಸಿಗುತ್ತಿತ್ತು. ಒಂದು ಟಿವಿ ಆ ಐದನ್ನೂ ತುಂಬುವುದಿಲ್ಲ. ಒಂದೊಂದಾಗಿ ತುಂಬಬೇಕು.

ಮೊದಲು ಹೊಟ್ಟೆ. ಸಂಜೆ ಐದೂವರೆಗೇ ಗಟ್ಟಿಯಾಗಿ ಏನಾದರೂ ತಿನ್ನಿ. ಗೋಳಿಬಜೆ, ಬನ್ಸ್, ಅವಲಕ್ಕಿ, ಮನೆಯಲ್ಲಿ ಇದ್ದ ಗಂಜಿಯಾದರೂ ಆದೀತು. ಹಸಿವು, ಸಿಟ್ಟು, ಒಂಟಿತನ, ದಣಿವು ಈ ನಾಲ್ಕು ಒಂದೇ ವೇಷ ಹಾಕಿ ಬರುತ್ತವೆ, ನಾಲ್ಕಕ್ಕೂ ಮನಸ್ಸು ಕೇಳುವುದು ಕ್ವಾರ್ಟರನ್ನೇ. ಹಸಿವು ತೀರಿದ ಮೇಲೆ ಉಳಿದದ್ದು ನಿಜವಾದ ಒಂಟಿತನ. ಸಿಹಿ ತಿನ್ನುವ ಆಸೆ ಹೆಚ್ಚಾದರೆ ಹೆದರಬೇಡಿ, ಮೊದಲ ತಿಂಗಳುಗಳಲ್ಲಿ ಹಲವರಿಗೆ ಹಾಗಾಗುತ್ತದೆ. ಸಕ್ಕರೆ ಕಾಯಿಲೆ ಇದ್ದವರು ಮಾತ್ರ ವೈದ್ಯರನ್ನು ಕೇಳಿಕೊಳ್ಳಿ.

ಎರಡನೆಯದು ದಾರಿ. ಕೆಲಸದಿಂದ ಮನೆಗೆ ಬರುವ ದಾರಿಯಲ್ಲಿ ಹಳೆಯ ಬಾರ್, ವೈನ್ ಶಾಪ್, ಶೇಂದಿ ಗಡಂಗು ಇದ್ದರೆ ಬಸ್ ಇಳಿಯುವ ಸ್ಟಾಪನ್ನೇ ಬದಲಿಸಿ. ಮಂಗಳೂರಿನ ಹಂಪನಕಟ್ಟೆಯಲ್ಲಿ ಇಳಿದು ನಡೆಯುತ್ತಿದ್ದವರು ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಿಂದಲೇ ನೇರ ಬಸ್ ಹಿಡಿಯಲಿ. ಹತ್ತು ನಿಮಿಷ ಹೆಚ್ಚಾದರೆ ಆಗಲಿ, ತುಂಬಬೇಕಾದ ಹೊತ್ತಿನಲ್ಲಿ ಅಷ್ಟು ಕಳೆಯಿತು.

ಮೂರನೆಯದು ಜಾಗ. ಜನ ಇರಬೇಕು, ನಿಮ್ಮಲ್ಲಿ ಯಾರೂ ಪ್ರಶ್ನೆ ಕೇಳಬಾರದು, ಬಾಟಲಿ ಕಾಣಬಾರದು. ಮಂಗಳೂರಿನಲ್ಲಿ ಕದ್ರಿ ಪಾರ್ಕ್, ಬಾವುಟಗುಡ್ಡೆಯ ಗ್ರಂಥಾಲಯ. ಉಡುಪಿಯಲ್ಲಿ ಅಜ್ಜರಕಾಡಿನ ಪಾರ್ಕ್, ರಥಬೀದಿ. ಪಣಂಬೂರು, ಮಲ್ಪೆ ಎಂದರೆ ಎಲ್ಲರಿಗೂ ಮೊದಲು ನೆನಪಾಗುವುದು ಕಡಲು. ಆದರೆ ಮೊದಲ ಎರಡು ತಿಂಗಳು ಕಡಲ ಬದಿಯಲ್ಲಿ ಒಬ್ಬರೇ ಕೂರಬೇಡಿ ಎಂದೇ ನಾನು ಹೇಳುವುದು. ಹೊತ್ತು ಮುಳುಗುವುದನ್ನು ನೋಡುತ್ತಾ ಕೂತರೆ ಮನಸ್ಸು ಹಗುರಾಗುತ್ತದೆ ಎಂಬುದು ಕುಡಿಯದವರ ಅನುಭವ. ಬಿಟ್ಟವರಿಗೆ ಅದೇ ಹೊತ್ತು, ಅದೇ ಗಾಳಿ, ಅದೇ ಹಳೆಯ ನೆನಪು. ಕಡಲಿಗೆ ಬೆಳಿಗ್ಗೆ ಹೋಗಿ.

ನವೆಂಬರಿನಿಂದ ಮೇವರೆಗೆ ನಮ್ಮ ಜಿಲ್ಲೆಗಳಲ್ಲಿ ಸಂಜೆ ತುಂಬಿಸುವುದು ಕಷ್ಟವೇ ಅಲ್ಲ. ಒಂದಲ್ಲ ಒಂದು ಕಡೆ ಯಕ್ಷಗಾನ ಬಯಲಾಟ, ದೈವಗಳ ನೇಮ, ಜಾತ್ರೆ. ಹರಕೆಯ ಬಯಲಾಟಕ್ಕೆ ಟಿಕೆಟ್ ಇಲ್ಲ, ಕಾಲಮಿತಿಯ ಆಟವಾದರೆ ಮಧ್ಯರಾತ್ರಿಯ ಹೊತ್ತಿಗೆ ಮುಗಿಯುತ್ತದೆ. ಚೌಕಿಯ (ವೇಷ ಕಟ್ಟುವ ಜಾಗದ) ಹಿಂದಿನ ಕತ್ತಲಿಗೆ ಹೋಗದೆ ಎದುರಿನ ಸಾಲಿನಲ್ಲಿ, ಅಜ್ಜಂದಿರ ನಡುವೆ ಕೂತುಕೊಳ್ಳಿ. ಪಕ್ಕದ ಅಜ್ಜ ಮಧ್ಯಮಧ್ಯ ‘ಭಾಗವತರು ಯಾರು ಮಾರಾಯ?’ ಎಂದಾರು. ಮೊದಲ ತಿಂಗಳಿಗೆ ಅಷ್ಟು ಮಾತು ಸಾಕು.

ಕಷ್ಟ ಬರುವುದು ಪತ್ತನಾಜೆಯ ನಂತರ. ತುಳುವಿನ ಬೇಶ ತಿಂಗಳ ಹತ್ತಕ್ಕೆ, ಅಂದರೆ ಮೇ 24-25ರ ಸುಮಾರಿಗೆ, ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುತ್ತವೆ. ನೇಮಗಳೂ ನಿಲ್ಲುತ್ತವೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳಿಗೆ ಮೀನುಗಾರಿಕೆ ನಿಷೇಧ, ಮಲ್ಪೆ ಮತ್ತು ಮಂಗಳೂರು ಬಂದರಿನ ದೋಣಿಯವರು ಎರಡು ತಿಂಗಳು ದಡದಲ್ಲಿ. ಹೊರಗೆ ಹಿಡಿದ ಮಳೆ, ಕೈಯಲ್ಲಿ ಕೆಲಸವಿಲ್ಲ, ಕರೆಂಟೂ ಇಲ್ಲ. ಚಳಿಗಾಲದಲ್ಲಿ ಬಿಟ್ಟವರು ಆಟಿಯಲ್ಲಿ (ಜುಲೈ-ಆಗಸ್ಟ್‌ನ ಮಳೆ ತಿಂಗಳು) ಜಾರುವುದು ಹೀಗೆ. ಆದ್ದರಿಂದ ಮೇ ತಿಂಗಳಲ್ಲೇ ಮಳೆಗಾಲದ ಸಂಜೆಗಳನ್ನು ಗೊತ್ತುಮಾಡಿಕೊಳ್ಳಿ. ಸೂರಿನ ಕೆಳಗೆ ನಡೆಯುವುದೇ ಬೇಕು: ತಾಳಮದ್ದಳೆ, ಭಜನಾ ಮಂದಿರದ ವಾರದ ಭಜನೆ, ಯಕ್ಷಗಾನದ ಹೆಜ್ಜೆ ತರಗತಿ, ಬಲೆ ಸರಿಮಾಡುವ ಶೆಡ್ಡು, ಮಕ್ಕಳಿಗೆ ಲೆಕ್ಕ ಹೇಳಿಕೊಡುವುದು.

ಇಷ್ಟಾದರೂ ಒಮ್ಮೊಮ್ಮೆ ಆಸೆ ಒಮ್ಮೆಗೇ ಎದ್ದುಬರುತ್ತದೆ. ಅದು ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಏರಿ ಇಳಿಯುತ್ತದೆ. ಗಡಿಯಾರ ನೋಡಿ ನೋಟ್‌ಬುಕ್‌ನಲ್ಲಿ ಹೊತ್ತು ಬರೆಯಿರಿ, ತಣ್ಣೀರಲ್ಲಿ ಸ್ನಾನ ಮಾಡಿ, ಇಲ್ಲವೇ ಮುಂದಿನ ಹಂತದ ಮನುಷ್ಯನಿಗೆ ಫೋನ್ ಮಾಡಿ. ಎರಡು ವಾರ ಹೀಗೆ ಬರೆದರೆ ಆಸೆ ಬರುವ ದಿನವೂ ಗಂಟೆಯೂ ನಿಮಗೇ ಕಾಣುತ್ತದೆ. ಸಂಬಳದ ದಿನ, ಶನಿವಾರ, ಭಾನುವಾರ ಮಧ್ಯಾಹ್ನದ ಕೋಳಿಸಾರಿನ ಹೊತ್ತು, ಇವು ಹೆಚ್ಚಿನವರ ಪಟ್ಟಿಯಲ್ಲಿ ಇರುತ್ತವೆ.

ಹಂತ 3: ಒಬ್ಬ ಮನುಷ್ಯನನ್ನು ಆರಿಸಿ

ಹತ್ತು ಮಂದಿ ಬೇಡ, ಒಬ್ಬರು ಸಾಕು. ನಿಮ್ಮೊಟ್ಟಿಗೆ ಕುಡಿಯದವರು, ನಿಮಗೆ ಸಾಲ ಕೊಡದವರು, ನೀವು ಕುಡಿದು ಬೈದಿರದವರು. ಹೆಂಡತಿ ಅಥವಾ ಅಮ್ಮ ಈ ಕೆಲಸಕ್ಕೆ ಆಗುವುದಿಲ್ಲ. ಅವರಿಗೆ ನಿಮ್ಮ ಆಸೆಯ ಸುದ್ದಿ ಹೇಳಿದರೆ ಅವರ ರಾತ್ರಿಯ ನಿದ್ದೆ ಹೋಗುತ್ತದೆ. ಭಾವ, ಚಿಕ್ಕಪ್ಪನ ಮಗ, ಹಳೆಯ ಮೇಷ್ಟ್ರು, ಚರ್ಚಿನ ಫಾದರ್, ಮಸೀದಿಯ ಉಸ್ತಾದ್, ಬಿಟ್ಟು ವರ್ಷಗಳಾದ ಊರಿನವರು ಯಾರಾದರೂ ಆಗಬಹುದು.

ಕೇಳುವಾಗ ಸುತ್ತುಬಳಸಬೇಡಿ. ‘ಅಣ್ಣ, ನಾನು ಕುಡಿಯೋದು ಬಿಟ್ಟಿದ್ದೇನೆ. ಸಂಜೆ ಹೊತ್ತು ಕಷ್ಟ ಆಗ್ತದೆ. ದಿನಕ್ಕೊಂದು ಸಲ ಫೋನ್ ಮಾಡ್ತೇನೆ, ಬುದ್ಧಿ ಹೇಳುದು ಬೇಡ, ಐದು ನಿಮಿಷ ಬೇರೆ ಎಂತಾದರೂ ಮಾತಾಡಿದರೆ ಸಾಕು.’ ಹೀಗೆ ಕೇಳಿದರೆ ಇಲ್ಲ ಎನ್ನುವವರು ಕಡಿಮೆ. ಆಮೇಲೆ ಆಸೆ ಇಲ್ಲದ ದಿನವೂ ಅದೇ ಹೊತ್ತಿಗೆ ಫೋನ್ ಮಾಡಿ. ಕಷ್ಟದ ದಿನ ಮಾತ್ರ ಮಾಡುತ್ತೇನೆ ಎಂದವರು ಕಷ್ಟದ ದಿನವೇ ಮಾಡುವುದಿಲ್ಲ, ನಾಚಿಕೆ ಅಡ್ಡ ಬರುತ್ತದೆ.

ಹಂತ 4: ಎರಡು ಗುಂಪು ಸೇರಿ

ಒಂದು, ಬಿಟ್ಟವರ ಗುಂಪು. ಆಲ್ಕೊಹಾಲಿಕ್ಸ್ ಅನಾನಿಮಸ್, ನಮ್ಮಲ್ಲಿ ಎ.ಎ. ಎಂದೇ ಬಳಕೆ. ಶುಲ್ಕವಿಲ್ಲ, ಪೂರ್ತಿ ಹೆಸರು ಹೇಳಬೇಕಿಲ್ಲ, ಬಿಡುವ ಮನಸ್ಸಿದ್ದರೆ ಅಷ್ಟೇ ಅರ್ಹತೆ. ‘ಕ್ಲೋಸ್ಡ್’ ಸಭೆ ಬಿಡಬೇಕೆನ್ನುವವರಿಗೆ ಮಾತ್ರ, ‘ಓಪನ್’ ಸಭೆಗೆ ಮನೆಯವರೂ ಬರಬಹುದು. ಮನೆಯವರಿಗೆಂದೇ ಅಲ್-ಅನಾನ್ ಇದೆ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯ ಎಂಟು ದಿನದ ಮದ್ಯವರ್ಜನ ಶಿಬಿರದಿಂದ ಬಂದವರಿಗೆ ನವಜೀವನ ಸಮಿತಿ ಇದೆ. ಶಿಬಿರದ ಕೊನೆಯ ದಿನ ಕೈಮುಗಿದು, ಹಾರ ಹಾಕಿಸಿಕೊಂಡು ಬಂದು, ಆಮೇಲೆ ಸಮಿತಿಯ ಕಡೆ ತಲೆಹಾಕದವರು ಮೂರನೇ ತಿಂಗಳಲ್ಲಿ ಒಂಟಿಯಾಗುತ್ತಾರೆ. ಶಿಬಿರಕ್ಕಿಂತ ಸಮಿತಿ ಮುಖ್ಯ ಎಂಬುದು ನನ್ನ ಅಭಿಪ್ರಾಯ.

ಇಲ್ಲಿ ಜನ ಮಾಡುವ ತಪ್ಪು, ಒಂದು ಸಭೆಗೆ ಹೋಗಿ ‘ಅವರಷ್ಟು ನಾನು ಕುಡೀತಾ ಇರಲಿಲ್ಲ’ ಎಂದು ಬಂದುಬಿಡುವುದು. ಬೇರೆ ಬೇರೆ ಜಾಗದ ಐದಾರು ಸಭೆ ನೋಡಿ ಆಮೇಲೆ ತೀರ್ಮಾನಿಸಿ. ಊರಿನವರು ಗುರುತು ಹಿಡಿಯುತ್ತಾರೆ ಎಂಬ ಹೆದರಿಕೆಯಿದ್ದರೆ ಉಡುಪಿಯವರು ಮಂಗಳೂರಿಗೆ, ಮಂಗಳೂರಿನವರು ಸುರತ್ಕಲ್‌ನ ಆಚೆಗೆ ಹೋಗಿ. ಆನ್‌ಲೈನ್ ಸಭೆಗಳೂ ಇವೆ.

ಹೆಂಗಸರಿಗೆ ಇದು ಇನ್ನೂ ಕಷ್ಟ. ಕುಡಿತ ಇದ್ದಾಗಲೂ ಮುಚ್ಚಿಡಬೇಕಿತ್ತು, ಬಿಟ್ಟ ಮೇಲೂ ಮುಚ್ಚಿಡಬೇಕು. ಗಂಡಸರೇ ತುಂಬಿದ ಸಭೆಯಲ್ಲಿ ಬಾಯಿ ಬಿಡಲು ಆಗದಿದ್ದರೆ ಟೆಲಿ-ಮಾನಸ್‌ನಿಂದ ಶುರುಮಾಡಿ, ಹೆಂಗಸರ ಆನ್‌ಲೈನ್ ಸಭೆ ಹುಡುಕಿ, ಮನೋವೈದ್ಯರ ಬಳಿ ಒಬ್ಬರೇ ಮಾತಾಡಲು ಸಮಯ ಕೇಳಿ.

ಎರಡನೆಯದು, ಕುಡಿತದ ಮಾತೇ ಬರದ ಗುಂಪು. ಬರೀ ಬಿಟ್ಟವರೊಟ್ಟಿಗೇ ಇದ್ದರೆ ಬಿಟ್ಟದ್ದೇ ನಿಮ್ಮ ಗುರುತಾಗುತ್ತದೆ. ಯುವಕ ಮಂಡಲ, ಕುಣಿತ ಭಜನೆಯ ತಂಡ, ಬೆಳಗಿನ ವಾಲಿಬಾಲ್ ಯಾವುದಾದರೂ ಸರಿ. ಒಂದೇ ನಿಯಮ: ನೀವು ಬಾರದಿದ್ದರೆ ಗೊತ್ತಾಗುವಂಥ ಕೆಲಸ ವಹಿಸಿಕೊಳ್ಳಿ. ತಾಳ ಹಿಡಿಯುವುದು, ಬೀಗದ ಕೈ ಇಟ್ಟುಕೊಳ್ಳುವುದು, ಚಾ ಮಾಡುವುದು. ‘ಎಂತ, ಮೊನ್ನೆ ಕಾಣಲೇ ಇಲ್ಲ?’ ಎಂದು ಯಾರಾದರೂ ಕೇಳಬೇಕು. ಸೇರುವ ಮುಂಚೆ ಒಂದು ವಿಚಾರ: ಕೆಲವು ತಂಡಗಳಲ್ಲಿ ಆಟ ಮುಗಿದ ಮೇಲೆ ಪಾರ್ಟಿಯೇ ಪದ್ಧತಿ. ವಿಚಾರಿಸಿ ಸೇರಿ.

ಹಂತ 5: ಮನೆಯಲ್ಲಿ ಮಾತಿಗಿಂತ ಹೊತ್ತು

ಮನೆಯವರು ಬಾಯಿ ವಾಸನೆ ನೋಡುತ್ತಾರೆ, ತಡವಾದರೆ ಮೂರು ಸಲ ಫೋನ್ ಮಾಡುತ್ತಾರೆ, ಪರ್ಸ್ ತೆರೆದು ನೋಡುತ್ತಾರೆ. ‘ಬಿಟ್ಟರೂ ನಂಬುದಿಲ್ಲ’ ಎಂಬ ಸಿಟ್ಟು ಮರಳಿ ಕುಡಿಯಲು ತುಂಬಾ ಅನುಕೂಲದ ನೆಪ. ಈ ಹಿಂದೆ ಎಷ್ಟು ಸಲ ಆಣೆ ಹಾಕಿದ್ದಿರಿ ಎಂಬುದನ್ನು ಅವರು ಮರೆತಿಲ್ಲ. ಹೊಸ ಆಣೆ ಹಾಕಬೇಡಿ, ದೇವಸ್ಥಾನದಲ್ಲೂ ಬೇಡ.

ಬದಲಿಗೆ ಹೇಳಿದ ಹೊತ್ತಿಗೆ ಮನೆ ಸೇರಿ. ಒಂದು ಮನೆಕೆಲಸ ನಿಮ್ಮದೆಂದು ಹಿಡಿಯಿರಿ: ಬೆಳಿಗ್ಗೆ ಮೀನು ತರುವುದು, ಮಗುವನ್ನು ಶಾಲೆಯ ವ್ಯಾನಿಗೆ ಹತ್ತಿಸುವುದು, ರಾತ್ರಿ ಪಾತ್ರೆ. ಉಳಿದ ದುಡ್ಡನ್ನು ಕಣ್ಣಿಗೆ ಕಾಣುವಂತೆ ಇಡಿ. ದಿನಕ್ಕೆ 250 ರೂಪಾಯಿ ಎಂದರೂ ತಿಂಗಳಿಗೆ 7,500 ಆಯಿತು. ಆ ಲೆಕ್ಕವನ್ನು ನೀವೇ ಹೇಳಿಕೊಂಡು ತಿರುಗಬೇಡಿ, ಪಾಸ್‌ಬುಕ್ ಮೇಜಿನ ಮೇಲಿರಲಿ.

ಹಂತ 6: ಮೆಹಂದಿ, ಅಗೇಲು, ಹಳೆಯ ಗೆಳೆಯರು

ನಮ್ಮಲ್ಲಿ ಮದುವೆಗಿಂತ ಮೆಹಂದಿಯ ರಾತ್ರಿ ಅಪಾಯದ್ದು. ಕಡಿಮೆಯೆಂದರೆ ಆರು ತಿಂಗಳು ಮೆಹಂದಿಗೆ ಹೋಗದೆ, ಮರುದಿನ ಮುಹೂರ್ತಕ್ಕೆ ಹೋಗಿ ಊಟ ಮಾಡಿ ಬನ್ನಿ. ತಪ್ಪಿಸಲಾಗದ ಹತ್ತಿರದ ಸಂಬಂಧವಾದರೆ ಸ್ವಂತ ಗಾಡಿಯಲ್ಲಿ ಹೋಗಿ, ಊಟದ ಹೊತ್ತಿಗೆ ಹೋಗಿ, ಡಿಜೆ ಶುರುವಾಗುವ ಮುಂಚೆ ಹೊರಡಿ. ಕೈ ಖಾಲಿ ಇಟ್ಟರೆ ಯಾರಾದರೂ ಗ್ಲಾಸ್ ಕೊಡುತ್ತಾರೆ. ನೀವೇ ತುಂಬಿಸಿಕೊಂಡ ಪುನರ್ಪುಳಿ ಶರಬತ್ತು ಕೈಯಲ್ಲಿರಲಿ, ಕೆಳಗಿಟ್ಟು ಹೋದ ಗ್ಲಾಸನ್ನು ಮತ್ತೆ ಎತ್ತಿಕೊಳ್ಳಬೇಡಿ.

‘ಒಂದೇ ಪೆಗ್ ಮಾರಾಯ, ಎಂತ ಆಗ್ತದೆ?’ ಎಂಬುದಕ್ಕೆ ಉದ್ದ ಉತ್ತರ ಬೇಡ. ‘ಗುಳಿಗೆ ತಗೊಳ್ತಾ ಇದ್ದೇನೆ, ಆಗುದಿಲ್ಲ’ ಎಂದು ಮಾತು ಬದಲಿಸಿ. ಕಾರಣ ಕೊಟ್ಟಷ್ಟೂ ವಾದ ಬೆಳೆಯುತ್ತದೆ.

ಕೊರಗಜ್ಜ ದೈವಕ್ಕೆ ಮದ್ಯವನ್ನೂ ಎಡೆಯಿಡುವ ಅಗೇಲಿಗೆ ಹೋಗುವವರು ಚಕ್ಕುಲಿ, ವೀಳ್ಯ ನೀವು ತನ್ನಿ, ಬಾಟಲಿ ಬೇರೆಯವರ ಕೈಯಲ್ಲಿ ಬರಲಿ. ಪ್ರಸಾದವೆಂದು ಕೊಟ್ಟರೆ ಕಣ್ಣಿಗೊತ್ತಿಕೊಂಡು ಪಕ್ಕದವರಿಗೆ ಕೊಡಿ. ಕ್ರಿಸ್ಮಸ್‌ಗೆ ಮನೆಯಲ್ಲೇ ಮಾಡಿದ ವೈನ್ ಕೊಡುವ ಆಂಟಿಗೂ ‘ಬೇಡ’ ಎನ್ನಬಹುದು, ಕುಸ್ವಾರ್ ತಿಂಡಿಯ ತಟ್ಟೆ ಖಾಲಿ ಮಾಡಿದರೆ ಅವರಿಗೆ ಬೇಸರವಾಗುವುದಿಲ್ಲ. ಆಲ್ಕೊಹಾಲ್ ಇಲ್ಲದ ಬಿಯರ್ ಕೂಡ ಬೇಡ, ಅದೇ ರುಚಿ, ಅದೇ ನೊರೆ ಹಳೆಯ ಆಸೆಯನ್ನು ಎಬ್ಬಿಸುತ್ತದೆ.

ಹಳೆಯ ಗೆಳೆಯರಲ್ಲಿ ಎಲ್ಲರೂ ಕೆಟ್ಟವರಲ್ಲ. ಒಬ್ಬೊಬ್ಬರನ್ನೇ, ಬೆಳಿಗ್ಗೆ, ಹೋಟೆಲಿನಲ್ಲಿ ಚಾಕ್ಕೆ ಕರೆಯಿರಿ. ಬಂದವನು ಗೆಳೆಯ. ‘ಸಂಜೆ ಆದರೆ ಬರ್ತೇನೆ’ ಎಂದವನು ಬಾಟಲಿಯ ಗೆಳೆಯ, ಅವನ ಮೇಲೆ ಸಿಟ್ಟು ಬೇಡ, ಭೇಟಿಯೂ ಬೇಡ.

ಎಚ್ಚರಿಕೆಯ ಗುರುತುಗಳು

ಜಾರುವುದು ಕುಡಿಯುವುದಕ್ಕೆ ವಾರಗಳ ಮುಂಚೆಯೇ ಶುರುವಾಗಿರುತ್ತದೆ. ದಿನದ ಫೋನ್ ತಪ್ಪುತ್ತದೆ, ಸಭೆಗೆ ‘ಮುಂದಿನ ವಾರ’ ಎನ್ನುತ್ತೀರಿ. ಸ್ನಾನ, ಶೇವಿಂಗ್ ಬೇಡವೆನಿಸುತ್ತದೆ. ಬಾರಿನ ಒಳ್ಳೆಯ ದಿನಗಳ ಕತೆ ಮಾತ್ರ ನೆನಪಾಗುತ್ತದೆ. ಕಾರಣವಿಲ್ಲದೆ ಹಳೆಯ ದಾರಿಯಲ್ಲಿ ಗಾಡಿ ತಿರುಗುತ್ತದೆ. ಇನ್ನೊಂದು, ಗಮನಕ್ಕೆ ಬಾರದ್ದು: ‘ಈಗ ಪೂರ್ತಿ ಸರಿಯಾಗಿದ್ದೇನೆ’ ಎಂಬ ವಿಪರೀತ ಉತ್ಸಾಹ. ಇವುಗಳಲ್ಲಿ ಎರಡು ಒಟ್ಟಿಗೆ ಕಂಡರೆ ಹಂತ 2ಕ್ಕೆ ಮರಳಿ, ಒಂದು ವಾರದ ಸಂಜೆಗಳನ್ನು ಮತ್ತೆ ಗಂಟೆಗಂಟೆಗೆ ಬರೆಯಿರಿ. ಒಂಟಿತನ ತುಂಬಲು ಮೊಬೈಲ್ ರಮ್ಮಿ, ಬೆಟ್ಟಿಂಗ್, ನಿದ್ದೆಗುಳಿಗೆ ಹಿಡಿದವರೂ ಇದೇ ಸಾಲಿನವರು.

ಸಾಯುವ ಯೋಚನೆ ಬಂದರೆ, ‘ನಾನಿಲ್ಲದಿದ್ದರೆ ಇವರಿಗೆ ಸುಖ’ ಎಂದನಿಸಿದರೆ, ಯಾವ ಹಂತವನ್ನೂ ನೋಡಬೇಡಿ. ಆ ಕ್ಷಣವೇ 14416. ಒಬ್ಬರೇ ಇರಬೇಡಿ, ಪಕ್ಕದ ಮನೆಯ ಬಾಗಿಲಾದರೂ ತಟ್ಟಿ. ಮನೆಯವರು ಕೀಟನಾಶಕ, ಉಳಿದ ಗುಳಿಗೆಗಳನ್ನು ಕೈಗೆ ಸಿಗದಂತೆ ಇಟ್ಟು, ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ.

ಜಾರಿದರೆ ಅದೇ ರಾತ್ರಿ ಮಾಡಬೇಕಾದ್ದು

ಉಳಿದದ್ದನ್ನು ಚೆಲ್ಲಿ. ‘ಹೇಗೂ ಕುಡಿದಾಯಿತು, ಬಾಟಲಿ ಮುಗಿಸುವ’ ಎಂಬ ಲೆಕ್ಕ ಅಪಾಯದ್ದು, ತಿಂಗಳುಗಟ್ಟಲೆ ಬಿಟ್ಟ ದೇಹ ಹಳೆಯ ಪ್ರಮಾಣವನ್ನು ತಾಳುವುದಿಲ್ಲ. ಡೈಸಲ್ಫಿರಾಮ್ ತೆಗೆದುಕೊಂಡವರಿಗೆ ಮುಖ ಕೆಂಪಾಗಿ, ಎದೆ ಬಡಿತ ಏರಿ, ವಾಂತಿ ಬಂದರೆ ಬೆಳಗಿನವರೆಗೆ ಕಾಯದೆ ಆಸ್ಪತ್ರೆಗೆ ಹೋಗಿ. ಗಾಡಿ ಓಡಿಸಬೇಡಿ. ನಿಮ್ಮ ಆ ಒಬ್ಬ ಮನುಷ್ಯನಿಗೆ ‘ಕುಡಿದೆ’ ಎಂದು ಒಂದು ಮೆಸೇಜ್ ಹಾಕಿ ಮಲಗಿ. ಬೆಳಿಗ್ಗೆ ನೋಟ್‌ಬುಕ್ ತೆಗೆದು ಹಿಂದಿನ ಮೂರು ದಿನ ಬರೆಯಿರಿ: ಯಾವ ಊಟ ತಪ್ಪಿತ್ತು, ಯಾವ ಫೋನ್ ತಪ್ಪಿತ್ತು, ಯಾವ ದಾರಿಯಲ್ಲಿ ಬಂದಿರಿ. ಒಂದು ರಾತ್ರಿಯಷ್ಟೇ ಆಗಿದ್ದರೆ ಆ ಸಂಜೆಯೇ ಸಭೆಗೆ ಹೋಗಿ. ಮೂರು ನಾಲ್ಕು ದಿನ ಎಡೆಬಿಡದೆ ಕುಡಿದಿದ್ದರೆ ಮನೆಯಲ್ಲೇ ನಿಲ್ಲಿಸಲು ಹೋಗದೆ ವೈದ್ಯರನ್ನು ಕಂಡು ಹಂತ 1ರಿಂದ ಶುರುಮಾಡಿ.